ಸೆಪ್ಟೆಂಬರ್ 17ಕ್ಕೆ ‘ವಿಮೋಚನಾ ದಿನ’ ಎಂಬ ಹೆಸರೇ ಇರಬೇಕೆ? – ಪರ, ವಿರೋಧ

ನಿಜಾಮರು ಆಳುತ್ತಿದ್ದ, ನಮ್ಮ ಜಿಲ್ಲೆಗಳೂ ಸೇರಿದ್ದ ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿದ ನೆನಪಿಗೆ ಪ್ರತಿ ವರ್ಷ ಸೆಪ್ಟೆಂಬರ್ 17ರ ಬೆಳಿಗ್ಗೆ ಕಲಬುರಗಿಯಲ್ಲಿ ಸರ್ದಾರ್ ಪಟೇಲರ ಪ್ರತಿಮೆಗೆ ಮಾಲೆ ಹಾಕಿ ಧ್ವಜ ಏರಿಸುತ್ತಾರೆ. ಬೀದರ್, ಯಾದಗಿರಿಗಳಲ್ಲಿಯೂ ಧ್ವಜ ಏರುತ್ತದೆ. ಆಚರಣೆಯ ಬಗ್ಗೆ ಯಾರದೂ ತಕರಾರಿಲ್ಲ, ತಕರಾರಿರುವುದು ಹೆಸರಿನ ಬಗ್ಗೆ. ಬಹುಕಾಲ ‘ಹೈದರಾಬಾದ್-ಕರ್ನಾಟಕ ವಿಮೋಚನಾ ದಿನ’ವಾಗಿದ್ದದ್ದು, 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದಾಗ ‘ಕಲ್ಯಾಣ ಕರ್ನಾಟಕ ಉತ್ಸವ’ವಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅದೇ ದಿನವನ್ನು ‘ಹೈದರಾಬಾದ್ ವಿಮೋಚನಾ ದಿನ’ವೆಂದು ಘೋಷಿಸಿತು. ನೆರೆಯ ಮಹಾರಾಷ್ಟ್ರದಲ್ಲಿ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ತೆಲಂಗಾಣದಲ್ಲಿ ಸರ್ಕಾರ ಬದಲಾದ ಹಾಗೆ ಹೆಸರೂ ಬದಲಾಗುತ್ತಿದೆ. ಕೆಳಗಿನ ಎರಡು ವಾದಗಳನ್ನೂ ಕಲಬುರಗಿಯವನಾದ ನಾನೊಬ್ಬನೇ ಬರೆದಿದ್ದೇನೆ. ಒಂದೊಂದನ್ನೂ ಅದನ್ನು ನಂಬಿದವರು ಹೇಳುವಷ್ಟೇ ಗಟ್ಟಿಯಾಗಿ ಹೇಳಲು ಪ್ರಯತ್ನಿಸಿದ್ದೇನಾದರೂ ನನ್ನ ಒಲವು ಯಾವ ಕಡೆಗಿದೆ ಎಂಬುದು ಓದುಗರಿಗೆ ತಿಳಿಯದೆ ಇರದು.

ಪರ: ಬಿಡುಗಡೆಯನ್ನು ಬಿಡುಗಡೆ ಎನ್ನಲು ಅಂಜಿಕೆ ಏಕೆ?

ಹೆಸರು ಬೇಡವೆನ್ನುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. 1948ಕ್ಕೆ ಮೊದಲು ಆಳಂದದ, ಭಾಲ್ಕಿಯ, ಶಹಾಪುರದ ಒಬ್ಬ ಸಾಮಾನ್ಯ ಮನುಷ್ಯ ಕಾನೂನಿನ ಕಣ್ಣಿನಲ್ಲಿ ಏನಾಗಿದ್ದ? ಅವನು ನಿಜಾಮರ ರಯತನಾಗಿದ್ದ, ನಾಗರಿಕನಾಗಿರಲಿಲ್ಲ. 1941ರ ಜನಗಣತಿಯ ಹೊತ್ತಿಗೆ ಆ ಸಂಸ್ಥಾನದಲ್ಲಿ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಯಾರೊಬ್ಬರೂ ತಮ್ಮನ್ನು ಆಳುವವರನ್ನು ಮತ ಹಾಕಿ ಆರಿಸಿರಲಿಲ್ಲ. ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆ ನಡೆಸಲು ಮುಂಚಿತವಾಗಿ ಸರ್ಕಾರದ ಅಪ್ಪಣೆ ಪಡೆಯಬೇಕಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ ಅದು ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. 1884ರ ನಂತರ ಕಚೇರಿಯ ಭಾಷೆ ಉರ್ದುವಾಗಿದ್ದುದರಿಂದ, ಕನ್ನಡ ಮಾತ್ರ ಬಲ್ಲ ರೈತ ತನ್ನದೇ ಹೊಲದ ಕಾಗದದಲ್ಲಿ ಏನಿದೆಯೆಂದು ತಿಳಿಯಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. ಇಂಥ ಸ್ಥಿತಿಯಿಂದ ಹೊರಬರುವುದಕ್ಕೆ ಕನ್ನಡದಲ್ಲಿ ಬಿಡುಗಡೆ ಎಂಬ ಮಾತೊಂದೇ ಇದೆ.

ಧಾರ್ಮಿಕ ಹಕ್ಕಿನ ವಿಷಯವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹೊಸ ಗುಡಿ ಕಟ್ಟಬೇಕಾದರೆ, ಹಳೆಯದನ್ನು ದುರಸ್ತಿ ಮಾಡಬೇಕಾದರೆ, ಯಜ್ಞಕುಂಡ ಹಾಕಬೇಕಾದರೆ ಉಮೂರೆ ಮಜಹಬಿ ಎಂಬ ಧಾರ್ಮಿಕ ಇಲಾಖೆಯ ಪರವಾನಗಿ ಬೇಕಿತ್ತು. ಆರ್ಯಸಮಾಜದ ಭಾಯಿ ಶ್ಯಾಮಲಾಲ್ 1938ರಲ್ಲಿ ಬೀದರ್ ಜೈಲಿನಲ್ಲಿಯೇ ಪ್ರಾಣಬಿಟ್ಟರು. ಮರುವರ್ಷ ಇದೇ ಹಕ್ಕುಗಳಿಗಾಗಿ ನಡೆದ ಸತ್ಯಾಗ್ರಹದಲ್ಲಿ ಸಾವಿರಾರು ಜನ ಸೆರೆಮನೆ ಸೇರಿದರು, ಕಲಬುರಗಿಯ ಜೈಲೂ ಅವರಿಂದ ತುಂಬಿತ್ತು. ನಿಜಾಮರು ಭದ್ರಾಚಲದ ದೇವಾಲಯಕ್ಕೂ ಅನುದಾನ ಕೊಟ್ಟಿದ್ದರಲ್ಲ ಎಂದು ಕೆಲವರು ನೆನಪಿಸುತ್ತಾರೆ. ಕೊಟ್ಟದ್ದು ನಿಜ. ಆದರೆ ದಾನ ಬೇರೆ, ಹಕ್ಕು ಬೇರೆ. ಕೊಡುವ ದೊರೆಯ ಮನಸ್ಸು ಇರುವಷ್ಟು ದಿನ ಮಾತ್ರ ದಾನ ನಡೆಯುತ್ತದೆ. ಹಕ್ಕು ಇರುವವನು ದೊರೆಯ ಮನಸ್ಸು ಹೇಗಿದೆಯೆಂದು ಪ್ರತಿದಿನ ಬೆಳಿಗ್ಗೆ ಎದ್ದು ನೋಡಬೇಕಾಗಿಲ್ಲ.

ಇದರ ಮೇಲೆ, ನಿಜಾಮರ ಆಳ್ವಿಕೆ ಉಳಿಸಲು ಹೊರಟ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಬಂತು. 1947ರ ಜೂನ್‌ನಲ್ಲಿಯೇ ನಿಜಾಮರು ಸ್ವತಂತ್ರರಾಗುವ ಇಂಗಿತವನ್ನು ಘೋಷಿಸಿದ್ದರು. ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತಾದರೂ ಅದರ ನೆರಳಿನಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ಈ ಪಡೆ ಬೆಳೆಯುತ್ತಲೇ ಹೋಯಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡದಲ್ಲಿ ಇನ್ನೂರರಷ್ಟು ಜನ ಸತ್ತರೆಂದು ಆ ಊರು ಇಂದಿಗೂ ಹೇಳುತ್ತದೆ. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಚಿಕ್ಕ ಹುಡುಗನಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ಈ ಎರಡನೆಯ ಸಂಗತಿಯನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ರಜಾಕಾರರ ಕ್ರೌರ್ಯದ ನೆನಪು ಯಾವುದೋ ಒಂದು ಪಕ್ಷದ ಅಥವಾ ಒಂದು ಜಾತಿಯ ಸ್ವತ್ತು ಎಂಬಂತೆ ಈಚೆಗೆ ಮಾತನಾಡುವವರು ಹೆಚ್ಚಾಗಿದ್ದಾರೆ. ನಮ್ಮ ಓಣಿಯ ಹಿರಿಯರೊಬ್ಬರು “ಹಾವಳ್ಯಾಗ ನಾವು ರಾತೋರಾತ್ರಿ ಸೊಲ್ಲಾಪುರಕ್ಕ ಓಡಿ ಹೋಗಿದ್ದೆವು, ಹೊಳ್ಳಿ ಬಂದಾಗ ಮನೀಗಿ ಬಾಗಲಾನೇ ಇರಲಿಲ್ಲ” ಎಂದು ಹೇಳುತ್ತಿದ್ದರು. ಅವರ ಪಾಲಿಗೆ ಸೆಪ್ಟೆಂಬರ್ 17 ಬಾಗಿಲು ಮತ್ತೆ ಕೂಡಿಸಿದ ದಿನ.

ಈ ಹೆಸರು ಮುಸ್ಲಿಮರನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ ಎಂಬ ಆಕ್ಷೇಪವೇ ಎಲ್ಲಕ್ಕಿಂತ ದೊಡ್ಡದು. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ 1948ರ ಆಗಸ್ಟ್‌ನ ಒಂದು ರಾತ್ರಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದವರು ಯಾರು? ಭಾರತದಲ್ಲಿ ಸೇರುವುದೇ ಸರಿಯೆಂದು ತಮ್ಮ ‘ಇಮ್ರೋಜ್’ ಪತ್ರಿಕೆಯಲ್ಲಿ ಬರೆದ ಸಂಪಾದಕ ಶೋಯೆಬುಲ್ಲಾ ಖಾನ್. ಅವರನ್ನು ಕೊಂದವರು ರಜಾಕಾರರು. ನಿಜಾಮರ ರಾಜ್ಯ ಮುಸ್ಲಿಮರ ರಾಜ್ಯ ಎಂದು ರಜ್ವಿ ಹೇಳುತ್ತಿದ್ದ. ಅದನ್ನು ಇಂದು ಇನ್ನಾರೂ ಹೇಳಬೇಕಾಗಿಲ್ಲ. ಜಾಗೀರುದಾರನ ಹೊಲದಲ್ಲಿ ದುಡಿಯುತ್ತಿದ್ದ ಮುಸ್ಲಿಮನೂ ಮಗ್ಗದ ಮುಂದೆ ಕೂತಿದ್ದ ಮುಸ್ಲಿಮನೂ ಆ ರಾಜ್ಯದಲ್ಲಿ ರಯತರೇ. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದಾಗ ಅವರ ಬೆನ್ನ ಮೇಲಿನ ಭಾರವೂ ಇಳಿಯಿತು. ಅದೇ ವರ್ಷ ನವೆಂಬರ್ 23ರಂದು ಭಾರತದ ಸಂವಿಧಾನವನ್ನು ಒಪ್ಪಿ ನಿಜಾಮರು ಫರ್ಮಾನು ಹೊರಡಿಸಿದರು. ಅದರಿಂದಾಗಿ 25ನೇ ವಿಧಿಯ ಧರ್ಮಸ್ವಾತಂತ್ರ್ಯವೂ, ಅಲ್ಪಸಂಖ್ಯಾತರು ತಮ್ಮ ಭಾಷೆ, ಲಿಪಿ, ಶಾಲೆಗಳನ್ನು ಉಳಿಸಿಕೊಳ್ಳಲು 29 ಮತ್ತು 30ನೇ ವಿಧಿಗಳು ಕೊಡುವ ರಕ್ಷಣೆಯೂ ಈ ನೆಲಕ್ಕೆ ಬಂದವು. ಸೂಫಿ ಸಂತ ಬಂದೇನವಾಜರ ದರ್ಗಾದ ಹೆಸರಿನಲ್ಲಿ ಇಂದು ನಮ್ಮೂರಿನಲ್ಲಿ ಒಂದು ವಿಶ್ವವಿದ್ಯಾಲಯವೇ ನಡೆಯುತ್ತಿದೆ. ದೊರೆಯ ಧರ್ಮದವರಾಗಿದ್ದಾಗ ಇಲ್ಲಿನ ಮುಸ್ಲಿಮರಿಗೆ ಇದ್ದದ್ದು ದೊರೆಯ ಕೃಪೆ, ಅಲ್ಪಸಂಖ್ಯಾತರಾದ ಮೇಲೆ ಸಿಕ್ಕದ್ದು ಹಕ್ಕು.

‘ಉತ್ಸವ’ ಎಂಬ ಪದದಲ್ಲಿ ಇದ್ಯಾವುದೂ ಇಲ್ಲ. ಜಾತ್ರೆಯೂ ಉತ್ಸವ, ಪುಸ್ತಕ ಮಾರಾಟವೂ ಉತ್ಸವ. ಐದನೆಯ ತರಗತಿಯ ಹುಡುಗಿ “ಸರ್, ಇವತ್ತು ಯಾಕೆ ಸೂಟಿ?” ಎಂದು ಕೇಳಿದರೆ ಉತ್ಸವ ಎಂದು ಹೇಳಿ ಶಿಕ್ಷಕರು ಪಾರಾಗಬಹುದು, ವಿಮೋಚನೆ ಎಂದರೆ ಯಾರಿಂದ, ಯಾರಿಗೆ, ಹೇಗೆ ಎಂದು ಅವಳು ಮತ್ತೆ ಕೇಳಿಯೇ ಕೇಳುತ್ತಾಳೆ, ಆಗ ಶೋಯೆಬುಲ್ಲಾ ಖಾನರ ಹೆಸರನ್ನೂ ಹೇಳದೆ ವಿಧಿಯಿಲ್ಲ.

ವಿರೋಧ: ಎರಡು ಮನೆ, ಎರಡು ಮಾತು

ಮೇಲಿನ ವಾದದಲ್ಲಿರುವ ಸಂಗತಿಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ರಜ್ವಿಯನ್ನು ಸಮರ್ಥಿಸುವ ಉದ್ದೇಶ ಇಲ್ಲಿಲ್ಲ, ಗೋರ್ಟಾವನ್ನು ಮರೆಯಬೇಕೆಂಬ ಕೋರಿಕೆಯೂ ಇಲ್ಲ. 2023ರ ಮಾರ್ಚ್‌ನಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾದದ್ದು ತಡವಾಗಿಯಾದರೂ ಆಗಬೇಕಾಗಿದ್ದ ಕೆಲಸ. ಪ್ರಶ್ನೆ ಇಷ್ಟೇ: ಸರ್ಕಾರ ಒಂದು ದಿನಕ್ಕೆ ಹೆಸರಿಟ್ಟಾಗ ಆ ಹೆಸರು ಇಲ್ಲಿನ ಎಲ್ಲ ನಾಗರಿಕರ ಬಾಯಲ್ಲಿ ಕೂರುವಂತಿರಬೇಕೇ, ಬೇಡವೇ?

ಮೊದಲು ಪದದ ಅರ್ಥವನ್ನೇ ನೋಡೋಣ. ವಿಮೋಚನೆಯಾದದ್ದು ಯಾರಿಂದ? 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು, 17ರಂದು ಸಂಸ್ಥಾನದ ಪ್ರಧಾನಿ ಲಾಯಕ್ ಅಲಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟು ನಿಜಾಮರು ರೇಡಿಯೋದಲ್ಲಿ ಮಾತನಾಡಿದರು, 18ರಂದು ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧರಿಯವರ ಮುಂದೆ ಶರಣಾದರು. ನಿಜಾಮರಿಂದ ಬಿಡುಗಡೆ ಎನ್ನೋಣವೆಂದರೆ, ಅದೇ ನಿಜಾಮರು 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು, ಅಂದರೆ ಇಂದಿನ ರಾಜ್ಯಪಾಲರ ಸ್ಥಾನದಲ್ಲಿದ್ದರು. ರಜಾಕಾರರಿಂದ ಬಿಡುಗಡೆ ಎನ್ನೋಣವೆಂದರೆ, ಅದು ಕಾನೂನು ಸುವ್ಯವಸ್ಥೆಯ ಮಾತಾಗುತ್ತದೆ. ಅಂದಿನ ಭಾರತ ಸರ್ಕಾರ ಕಾರ್ಯಾಚರಣೆಯನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆದದ್ದೂ ಹಾಗೆಯೇ. ದೊರೆಯೂ ಅಲ್ಲ, ದಂಡೂ ಅಲ್ಲ ಎಂದಾದ ಮೇಲೆ ಕೇಳುವವರ ಮನಸ್ಸಿನಲ್ಲಿ ಉಳಿಯುವುದು ಮೂರನೆಯದೊಂದು ಉತ್ತರ. ಅದನ್ನು ವೇದಿಕೆಯ ಮೇಲಿನ ಎಲ್ಲರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮೆರವಣಿಗೆ ಯಾವ ಓಣಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಿದವರಿಗೆ ಅದು ಗೊತ್ತಿರುತ್ತದೆ.

ಇನ್ನು ಆ ದಿನದ ನಂತರದ ವಾರಗಳ ವಿಷಯ. ಪರವಾದಿಗಳು ಇದನ್ನು ದಾಟಿಹೋಗುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಕಾರ್ಯಾಚರಣೆಯ ಬೆನ್ನಿಗೇ ಹಳ್ಳಿಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ದಾಳಿಗಳು ನಡೆದ ಸುದ್ದಿ ದೆಹಲಿಗೆ ಮುಟ್ಟಿದಾಗ, ನೆಹರೂ ಸರ್ಕಾರವೇ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರಿದ್ದ ಸದ್ಭಾವನಾ ತಂಡವೊಂದನ್ನು ಕಳಿಸಿತು. ಆ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೆಯ ವಾರದವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಓಡಾಡಿ, 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಬೀದರ್ ಮತ್ತು ಕಲಬುರಗಿ. ಇಂದಿನ ಯಾದಗಿರಿ ಆಗ ಕಲಬುರಗಿ ಜಿಲ್ಲೆಯೊಳಗೇ ಇತ್ತು. ಈ ನಾಲ್ಕರಲ್ಲಿಯೇ ಸತ್ತವರು 18 ಸಾವಿರಕ್ಕೆ ಕಡಿಮೆಯಿಲ್ಲ ಎಂದು ವರದಿ ಹೇಳುತ್ತದೆ. ಬಾವಿಗೆ ಹಾರಿದ ಹೆಂಗಸರ ಬಗ್ಗೆ, ಬಲವಂತದ ಮತಾಂತರಗಳ ಬಗ್ಗೆ ಅದರಲ್ಲಿ ಬರೆದಿದೆ. ಮುಸ್ಲಿಂ ನೇಕಾರರನ್ನು ಉಳಿಸಲು ಹೋಗಿ ತಾವೇ ಪ್ರಾಣ ಕೊಟ್ಟ ಹಿಂದೂ ನೇಕಾರರ ಬಗ್ಗೆಯೂ ಬರೆದಿದೆ, ರಜಾಕಾರರು ಮೊದಲು ಮಾಡಿದ್ದರ ಬಗ್ಗೆಯೂ ಬರೆದಿದೆ. ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳವರೆಗೆ ಅದು ಸಾಮಾನ್ಯ ಓದುಗರ ಕೈಗೆ ಸಿಗಲಿಲ್ಲ. ಈ ಲೆಕ್ಕವನ್ನು ಗೋರ್ಟಾದ ಲೆಕ್ಕದ ಎದುರು ತಕ್ಕಡಿಯಲ್ಲಿಟ್ಟು ತೂಗಬೇಕೆಂದು ನಾನು ಹೇಳುತ್ತಿಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಹೇಳದಿರಲು ‘ವಿಮೋಚನೆ’ ಎಂಬ ಹೆಸರು ಅನುಕೂಲ ಮಾಡಿಕೊಡುತ್ತದೆ ಎಂಬುದಷ್ಟೇ ನನ್ನ ಮಾತು. ನಮ್ಮ ಕಡೆ ಹಿರಿಯರು ವಯಸ್ಸನ್ನು ಆ ವರ್ಷದಿಂದಲೇ ಲೆಕ್ಕ ಹಾಕುತ್ತಾರೆ. ಒಂದು ಮನೆಯಲ್ಲಿ “ರಜಾಕಾರ ಹಾವಳಿಯಾಗ ಹುಟ್ಟಿದಾಂವ” ಎಂದರೆ, ಎರಡು ಓಣಿ ದಾಟಿದ ಇನ್ನೊಂದು ಮನೆಯಲ್ಲಿ ಅದೇ ವರ್ಷ ಹುಟ್ಟಿದವರನ್ನು “ಪೊಲೀಸ್ ಆಕ್ಷನ್‌ನಾಗ ಹುಟ್ಟಿದಾಂವ” ಎನ್ನುತ್ತಾರೆ. ಮೊದಲನೆಯ ಮನೆಯವರು ಹೇಳಿಕೊಳ್ಳಲು ಒಂದು ಸರ್ಕಾರಿ ದಿನವಿದೆ, ಎರಡನೆಯ ಮನೆಯವರು ಆ ದಿನ ಅಂಗಡಿ ಬೇಗ ಮುಚ್ಚುತ್ತಾರೆ.

ಪೌರತ್ವದ ಮಾತಿಗೆ ಬರೋಣ. ರಯತ ನಾಗರಿಕನಾದ ಎಂಬ ಪರವಾದಿಗಳ ಮಾತು ಚೆನ್ನಾಗಿದೆ, ಆದರೆ ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಬರಲಿಲ್ಲ. ಮುಸ್ಲಿಂ ನೌಕರರು ದೊಡ್ಡ ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ರಜಾಕಾರನೆಂಬ ಗುಮಾನಿಯ ಮೇಲೆ ಸಾವಿರಾರು ಜನರನ್ನು ಹಿಡಿದು ಒಳಗೆ ಹಾಕಲಾಯಿತು. ನಿಜಾಮರ ಪಡೆಗಳಲ್ಲಿ ತಲೆಮಾರುಗಳಿಂದ ಇದ್ದ ಅರಬರು ಮತ್ತು ಪಠಾಣರಲ್ಲಿ ಅನೇಕರನ್ನು ಪರದೇಶಿಗಳೆಂದು ಗಡಿಪಾರು ಮಾಡಲಾಯಿತು. ತಂದೆ ಅರಬನಾಗಿ ತಾಯಿ ಇಲ್ಲಿಯವಳೇ ಆಗಿದ್ದ ಮಕ್ಕಳು ಯಾವ ದೇಶದವರೆಂಬ ಪ್ರಶ್ನೆಯೂ ಎದ್ದಿತು. ಸಂವಿಧಾನದ 5ನೇ ವಿಧಿ ಇಲ್ಲಿ ನೆಲೆಸಿದವರನ್ನು ನಾಗರಿಕರೆಂದಿತು. ಆದರೆ 7ನೇ ವಿಧಿಯ ಪ್ರಕಾರ 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರು ನಾಗರಿಕರಲ್ಲ, ಮರಳಿ ನೆಲೆಸಲು ಪರವಾನಗಿ ಪಡೆದು ಬಂದವರ ಹೊರತು. ಗಲಾಟೆಗೆ ಹೆದರಿ ಸೊಲ್ಲಾಪುರಕ್ಕೆ ಓಡಿದವರು ಮನೆಗೆ ಮರಳಿ ಬಾಗಿಲು ಕೂಡಿಸಿಕೊಂಡರು, ಕರಾಚಿಗೆ ಓಡಿದವರಿಗೆ ಆ ದಾರಿ ಬಹುಪಾಲು ಮುಚ್ಚಿಹೋಯಿತು. 1950ರ ಕಾಯ್ದೆಯೊಂದು ದೇಶ ಬಿಟ್ಟುಹೋದವರ ಆಸ್ತಿಯನ್ನು ಸರ್ಕಾರದ ವಶಕ್ಕೆ ಕೊಟ್ಟಿತು. ಕಾನೂನಿನ ಪುಸ್ತಕದಲ್ಲಿ ಎಲ್ಲರಿಗೂ ಸಮಾನ ಹಕ್ಕು ಬಂದದ್ದು ನಿಜ. ಆದರೆ ಅದನ್ನು ಪಡೆಯಲು ಕೆಲವರು ತಾವು ಯಾರೆಂದು ಸಾಬೀತು ಮಾಡಬೇಕಾಯಿತು, ಉಳಿದವರು ಮಾಡಬೇಕಾಗಲಿಲ್ಲ.

ಇದು ಹಳೆಯ ಕಥೆಯಾಗಿಯೇ ಉಳಿದಿದ್ದರೆ ಹೆಸರಿನ ಬಗ್ಗೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಬಂದ ಪೌರತ್ವ ತಿದ್ದುಪಡಿ ಕಾಯ್ದೆ, ಮೂರು ನೆರೆ ದೇಶಗಳಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮಗಳವರಿಗೆ ಪೌರತ್ವದ ದಾರಿಯನ್ನು ಸುಲಭ ಮಾಡಿತು. ಆ ಪಟ್ಟಿಯಲ್ಲಿ ಇಸ್ಲಾಂ ಇಲ್ಲ. ಅದು ಇಲ್ಲಿ ಹುಟ್ಟಿದ ಯಾರ ಪೌರತ್ವವನ್ನೂ ಕಿತ್ತುಕೊಳ್ಳುವುದಿಲ್ಲ ಎಂದು ಸರ್ಕಾರ ಹೇಳಿತು, ಕಾಯ್ದೆಯ ಅಕ್ಷರ ನೋಡಿದರೆ ಅದು ಸರಿಯೇ. ಆದರೆ ಅದರೊಂದಿಗೆ ರಾಷ್ಟ್ರೀಯ ನಾಗರಿಕ ನೋಂದಣಿಯ ಮಾತೂ ಕೇಳಿಬಂದಾಗ, ಕಲಬುರಗಿಯ ಹಳೆಯ ಓಣಿಗಳಲ್ಲಿ ಜನ ಟ್ರಂಕು ತೆಗೆದು ಉರ್ದುವಿನಲ್ಲಿದ್ದ ಹಳೆಯ ದಾಖಲೆಗಳಾದ ಖಾಸ್ರಾ ಪಹಣಿ, ಮುಂತಖಬ್‌ಗಳನ್ನು ಹುಡುಕತೊಡಗಿದರು. ಅವುಗಳನ್ನು ಓದಬಲ್ಲವರು ಈಗ ಅವರ ಮನೆಗಳಲ್ಲಿಯೂ ಕಡಿಮೆ. ಒಂದು ಕಾಲಕ್ಕೆ ಕನ್ನಡದ ರೈತ ತನ್ನ ಕಾಗದ ಓದಿಸಲು ಇನ್ನೊಬ್ಬರ ಬಾಗಿಲಿಗೆ ಹೋಗುತ್ತಿದ್ದನೆಂದು ಮೇಲೆ ಬರೆದೆನಲ್ಲ, ಚಕ್ರ ಹೀಗೂ ತಿರುಗುತ್ತದೆ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ಈ ಕಾಯ್ದೆಯ ಬಗ್ಗೆ ಆಡಿದ ನಾಟಕಕ್ಕಾಗಿ ದೇಶದ್ರೋಹದ ಪ್ರಕರಣ ದಾಖಲಾಗಿ, ಒಬ್ಬ ಶಿಕ್ಷಕಿಯೂ ಒಬ್ಬ ವಿದ್ಯಾರ್ಥಿಯ ತಾಯಿಯೂ ಜೈಲಿಗೆ ಹೋದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಆ ಪ್ರಕರಣವನ್ನು ರದ್ದುಪಡಿಸಿತು. ಹಕ್ಕು ಉಳಿಯಿತು, ಆದರೆ ಮೂರು ವರ್ಷಗಳ ಮೇಲೆ.

ದಾನ ಬೇರೆ, ಹಕ್ಕು ಬೇರೆ ಎಂಬ ವಾದ ಪರವಾದಿಗಳ ಕೈಯಲ್ಲಿರುವ ಅತ್ಯಂತ ಒಳ್ಳೆಯ ವಾದ, ಅದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಒಪ್ಪಿದ ಮೇಲೆಯೇ ಕೇಳಬೇಕಾಗುತ್ತದೆ: ಹಕ್ಕು ಬಂದದ್ದು ಯಾವ ದಿನ? 1948ರ ಸೆಪ್ಟೆಂಬರ್ 18ರಿಂದ 1949ರ ಕೊನೆಯವರೆಗೆ ಇಲ್ಲಿ ನಡೆದದ್ದು ಸೇನಾ ಗವರ್ನರರ ಆಡಳಿತ. ಅದೂ ಮತದಿಂದ ಬಂದದ್ದಲ್ಲ. ಧರ್ಮದ ಹಕ್ಕು, ಸಭೆ ಸೇರುವ ಹಕ್ಕು, ಮತದ ಹಕ್ಕು ಕಲಬುರಗಿಯ ರಯತನಿಗೂ ಬೀದರಿನ ನೇಕಾರನಿಗೂ ಒಟ್ಟಿಗೆ ಬಂದದ್ದು 1950ರ ಜನವರಿ 26ರಂದು, ಅವರು ಮೊದಲ ಬಾರಿ ಮತ ಹಾಕಿ ಆರಿಸಿದ ಸರ್ಕಾರ ಬಂದದ್ದು 1952ರಲ್ಲಿ. ಸೆಪ್ಟೆಂಬರ್ 17 ಈ ದಾರಿಯ ಮೊದಲ ಮೆಟ್ಟಿಲು. ಅದನ್ನು ‘ವಿಲೀನ ದಿನ’ ಎಂದರೆ ಅಂದು ಆದದ್ದನ್ನು ಹೇಳಿದಂತಾಗುತ್ತದೆ, ಯಾರನ್ನೂ ಎದುರಾಳಿಯ ಸ್ಥಾನದಲ್ಲಿ ನಿಲ್ಲಿಸಿದಂತೆಯೂ ಆಗುವುದಿಲ್ಲ. ‘ಉತ್ಸವ’ ಎಂಬುದು ಸಪ್ಪೆ ಪದ ಎಂಬ ದೂರಿನಲ್ಲಿ ನನ್ನದೂ ಪಾಲಿದೆ.

ಇಂಥ ಚರ್ಚೆ ಬಂದಾಗಲೆಲ್ಲ ಬೀದರ್ ಬಳಿಯ ಅಷ್ಟೂರಿನ ಮಾತನ್ನು ಎತ್ತುವುದು ನಮ್ಮ ಕಡೆಯ ರೂಢಿ. ಅಲ್ಲಿರುವ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯನ್ನು ಲಿಂಗಾಯತರು ಅಲ್ಲಮಪ್ರಭುವೆಂದು ಪೂಜಿಸುತ್ತಾರೆ, ಉರುಸಿಗೆ ಜಂಗಮರು ಶಂಖ ಊದುತ್ತ ಬರುತ್ತಾರೆ. ನಾನೂ ಅಲ್ಲಿ ನಿಂತು ನೋಡಿದ್ದೇನೆ. ಆದರೆ ಅದನ್ನು ಇಲ್ಲಿ ಉತ್ತರವಾಗಿ ಬಳಸಲಾರೆ, ಏಕೆಂದರೆ ಅಷ್ಟೂರು 1948ರಲ್ಲಿಯೂ ಇತ್ತು. ಬೇಕಾಗಿರುವುದು ಅದಕ್ಕಿಂತ ಸಣ್ಣ, ಸರ್ಕಾರಿ ರೀತಿಯ ಕೆಲಸ: ಗೋರ್ಟಾದಲ್ಲಿ ಏನಾಯಿತೆಂಬುದೂ ಸುಂದರಲಾಲ್ ತಂಡ ಕಲಬುರಗಿ, ಬೀದರ್‌ಗಳಲ್ಲಿ ಏನನ್ನು ಕಂಡಿತೆಂಬುದೂ ಪಠ್ಯಪುಸ್ತಕದ ಒಂದೇ ಪಾಠದಲ್ಲಿ, ಒಂದರ ಪಕ್ಕದಲ್ಲಿ ಇನ್ನೊಂದಾಗಿ ಬರಬೇಕು. ಆ ಪಾಠಕ್ಕೆ ಯಾವ ತಲೆಬರಹ ಕೊಟ್ಟರೆ ಈ ಮೂರು ಜಿಲ್ಲೆಗಳ ಉರ್ದು ಶಾಲೆಯ ಮೇಷ್ಟ್ರೂ ಕನ್ನಡ ಶಾಲೆಯ ಮೇಷ್ಟ್ರೂ ಅದನ್ನು ತಡವರಿಸದೆ ಬೋರ್ಡಿನ ಮೇಲೆ ಬರೆಯಬಲ್ಲರೋ, ಸೆಪ್ಟೆಂಬರ್ 17ರ ಆಮಂತ್ರಣ ಪತ್ರಿಕೆಯ ಮೇಲೂ ಅದನ್ನೇ ಅಚ್ಚು ಹಾಕಿಸಲಿ.